ಅಟ್ಟದ ಟ್ರಂಕಿನಲ್ಲಿದ್ದವರು: ಗವಿಯಿಂದ ತಂದು ಮನೆಯಲ್ಲಿಟ್ಟ ಮೂಳೆಗಳ ಒಂದು ಪ್ರಕರಣ

2024ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಹಳೆಯ ಹೆಂಚಿನ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಒಪ್ಪಂದವಾಗಿ, ಸಾಮಾನು ಸಾಗಿಸುವ ಕೊನೆಯ ವಾರದಲ್ಲಿ ಅಟ್ಟದಿಂದ ಒಂದು ತಗಡಿನ ಟ್ರಂಕನ್ನು ಇಳಿಸಲಾಯಿತು. ಅದರಲ್ಲಿ ಮನುಷ್ಯರ ಮೂಳೆಗಳಿದ್ದವು. ಮನೆಯ ಹಿರಿಯರಿಗೆ ಇದು ಹೊಸ ಸಂಗತಿಯೇನಾಗಿರಲಿಲ್ಲ. ಈಗ ಎಂಬತ್ತೈದು ದಾಟಿರುವ ಅಜ್ಜಿಯ ಮಾವನವರು ಮೋಜಣಿ ಕೆಲಸದಲ್ಲಿದ್ದವರು. ಊರೂರು ತಿರುಗುವಾಗ ಯಾವುದೋ ಬೆಟ್ಟದ ಗವಿಯಲ್ಲಿ ಸಿಕ್ಕಿತೆಂದು ಅವನ್ನು ಮನೆಗೆ ತಂದಿದ್ದರು. ಅಲ್ಲಿ ತಪಸ್ಸಿಗೆ ಕುಳಿತು ದೇಹ ಬಿಟ್ಟ ಋಷಿಯೊಬ್ಬರ ಅಸ್ಥಿ ಅದು ಎಂದು ಅವರು ನಂಬಿದ್ದರು, ಮನೆಯವರನ್ನೂ ನಂಬಿಸಿದ್ದರು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯಂದು ಟ್ರಂಕಿನ ಮುಂದೆ ಒಂದು ಬಾಳೆಲೆ ಹಾಕಿ ಎಡೆ ಇಡುವ ಪದ್ಧತಿ ಅವರಿಂದ ಆರಂಭವಾಗಿ ಸೊಸೆಯ ಕೈಯಲ್ಲಿ ಆರು ದಶಕ ನಡೆದುಬಂದಿತ್ತು. ಟ್ರಂಕನ್ನು ತೆರೆದು ನೋಡಿದವರು ಮಾತ್ರ ಬಹಳ ಕಡಿಮೆ.

ವೈದ್ಯಕೀಯ ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತನಾದ ನನ್ನನ್ನು ಆ ಮನೆಯ ಮೊಮ್ಮಗಳು ಪರಿಚಯದವರ ಮೂಲಕ ಕರೆಸಿದರು. ಮನೆತನದ ಗುರುತು ತಿಳಿಯಬಾರದೆಂಬ ಅವರ ಕೋರಿಕೆಯಂತೆ ಕೆಲವು ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ. ಪ್ರಕರಣವನ್ನು ಇಷ್ಟು ವಿಸ್ತಾರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂತಹ ಟ್ರಂಕುಗಳು ನಮ್ಮ ನಗರದಲ್ಲಿ ಇದೊಂದೇ ಇರಲಾರದು. ಹಳೆಯ ಮನೆಗಳು ದಿನಕ್ಕೊಂದರಂತೆ ಬೀಳುತ್ತಿರುವ ಈ ಕಾಲದಲ್ಲಿ ಅವನ್ನು ತೆರೆಯುವ ಕೈಗಳಿಗೆ ಮುಂದೇನು ಮಾಡಬೇಕೆಂಬುದು ತಿಳಿದಿರುವುದಿಲ್ಲ.

ನಾನು ಹೋಗುವ ಹೊತ್ತಿಗೆ ಮನೆಯಲ್ಲಿ ಮೂರು ಸಲಹೆಗಳು ಬಂದಿದ್ದವು. ಕೆಡವುವ ಕೆಲಸದ ಮೇಸ್ತ್ರಿ, ಮಣ್ಣು ಸಾಗಿಸುವ ಲಾರಿಯಲ್ಲಿ ಹಾಕಿಬಿಟ್ಟರೆ ಯಾರಿಗೂ ತೊಂದರೆಯಿಲ್ಲ ಎಂದಿದ್ದ. ಪುರೋಹಿತರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ವಿಸರ್ಜಿಸಿ ಶಾಂತಿ ಮಾಡಿಸಿ ಎಂದಿದ್ದರು. ಹಳೆಯ ವಸ್ತುಗಳ ವ್ಯಾಪಾರ ಬಲ್ಲ ನೆಂಟರೊಬ್ಬರು, ಇದು ಬೃಹತ್ ಶಿಲಾ ಸಮಾಧಿಗಳ ಕಾಲದ್ದಾಗಿದ್ದರೆ ಸಂಗ್ರಾಹಕರು ಹಣ ಕೊಡುತ್ತಾರೆ ಎಂದು ದೂರವಾಣಿಯಲ್ಲಿ ತಿಳಿಸಿದ್ದರು. ಮೂರೂ ಬೇರೆ ಬೇರೆ ಮನಸ್ಸುಗಳಿಂದ ಬಂದ ಮಾತುಗಳು. ಎರಡನೆಯದರಲ್ಲಿ ನಿಜವಾದ ಕರುಣೆಯಿತ್ತು. ಆದರೆ ಮೂರರಲ್ಲಿ ಯಾವುದನ್ನು ಅನುಸರಿಸಿದ್ದರೂ, ಇವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳುವ ಮೊದಲೇ ಅದು ಶಾಶ್ವತವಾಗಿ ಮುಚ್ಚಿಹೋಗುತ್ತಿತ್ತು. ಒಂದು ವಾರ ಯಾವುದನ್ನೂ ಕದಲಿಸಬೇಡಿ, ತೊಳೆಯಬೇಡಿ, ಒರೆಸಬೇಡಿ ಎಂದು ನಾನು ಕೇಳಿಕೊಂಡೆ. ಅಜ್ಜಿ ಒಪ್ಪಿದ್ದರಿಂದ ಉಳಿದವರೂ ಒಪ್ಪಿದರು.

ಟ್ರಂಕಿನೊಳಗೆ ಇದ್ದದ್ದು

ಮೂಳೆಗಳನ್ನು ಕನ್ನಡ ದಿನಪತ್ರಿಕೆಯ ಹಾಳೆಗಳಲ್ಲಿ ಸುತ್ತಿಡಲಾಗಿತ್ತು. ದಿನಾಂಕವಿದ್ದ ಮೇಲಂಚು ಜಿರಳೆಗಳ ಪಾಲಾಗಿತ್ತು. ಆದರೆ ಜಾಹೀರಾತೊಂದರಲ್ಲಿ ಬೆಲೆಯನ್ನು ನಯೇ ಪೈಸೆಯಲ್ಲಿ ಅಚ್ಚು ಮಾಡಿದ್ದರು. ದಶಮಾಂಶ ನಾಣ್ಯಗಳು 1957ರ ಏಪ್ರಿಲ್‌ನಲ್ಲಿ ಬಂದವು; 1964ರ ಜೂನ್‌ನಲ್ಲಿ 'ನಯಾ' ಎಂಬ ವಿಶೇಷಣವನ್ನು ಕೈಬಿಡಲಾಯಿತು. ಆದ್ದರಿಂದ ಪತ್ರಿಕೆ ಆ ಏಳು ವರ್ಷಗಳ ನಡುವಿನದು. ಮೂಳೆಗಳನ್ನು ಸುತ್ತಿಟ್ಟದ್ದೂ ಹೆಚ್ಚುಕಡಿಮೆ ಆಗಲೇ ಇರಬೇಕು. ಮದುವೆಯಾಗಿ ಬಂದ ವರ್ಷ ಟ್ರಂಕು ಆಗಲೇ ಅಟ್ಟದಲ್ಲಿತ್ತು ಎಂಬ ಅಜ್ಜಿಯ ನೆನಪಿಗೂ ಇದು ಹೊಂದುತ್ತಿತ್ತು. ಒಳಗೆ ಒಂದು ರಟ್ಟಿನ ಚೀಟಿಯಿತ್ತು. ಅದರ ಮೇಲೆ ಮುದ್ದಾದ ಅಕ್ಷರಗಳಲ್ಲಿ 'ಗವಿ, ಬಲಗಡೆ ಮೂಲೆ' ಎಂದು ಮಾತ್ರ ಬರೆದಿತ್ತು. ಜಮೀನಿನ ಚೆಕ್ಕುಬಂದಿಯನ್ನು ಅಂಗುಲದ ಲೆಕ್ಕದಲ್ಲಿ ಬರೆದಿಡುವ ವೃತ್ತಿಯವರು ಬೆಟ್ಟದ ಹೆಸರನ್ನು ಬರೆಯದೆ ಹೋದದ್ದು ಈ ಪ್ರಕರಣದ ದೊಡ್ಡ ನಷ್ಟ. ತಮಗೆ ಗೊತ್ತಿದೆಯಲ್ಲ ಎಂದು ಅವರು ಭಾವಿಸಿರಬೇಕು.

ಒಂದು ಪೂರ್ಣ ತಲೆಬುರುಡೆ, ಬಲ ತೊಡೆಮೂಳೆ, ಎಡ ಸೊಂಟದ ಮೂಳೆಯ ಬಹುಭಾಗ, ಎರಡು ಬೆನ್ನೆಲುಬಿನ ಮಣಿಗಳು, ಒಂದು ಕೊರಳೆಲುಬು. ಇವಲ್ಲದೆ ಕೋಕೋ ಪುಡಿಯ ಹಳೆಯ ಡಬ್ಬಿಯೊಂದರಲ್ಲಿ ಹತ್ತಿ ಹಾಸಿ ಇಟ್ಟಿದ್ದ ಒಂದು ಸಣ್ಣ ಕೆಳದವಡೆ. ಇದನ್ನು ಮನೆಯಲ್ಲಿ 'ಮಂಗನ ದವಡೆ' ಎನ್ನುತ್ತಿದ್ದರು. ಗವಿಯಲ್ಲಿ ಋಷಿಗೆ ಜೊತೆಯಾಗಿ ಒಂದು ಕೋತಿ ಇತ್ತೆಂಬ ಕಥೆಯೂ ಅದರ ಸುತ್ತ ಬೆಳೆದಿತ್ತು.

ತಂದವರು ಕಣ್ಣಿಗೆ ದೊಡ್ಡದಾಗಿ, ಇಡಿಯಾಗಿ ಕಂಡದ್ದನ್ನು ಮಾತ್ರ ಆರಿಸಿದ್ದರು. ಕೈಕಾಲುಗಳ ಸಣ್ಣ ಮೂಳೆಗಳು, ಪಕ್ಕೆಲುಬುಗಳು, ಗಂಟಲಿನ ಹಯಾಯ್ಡ್ ಮೂಳೆ ಯಾವುದೂ ಇರಲಿಲ್ಲ. ಕುತ್ತಿಗೆ ಹಿಸುಕಿದ ಸಾವಿನಲ್ಲಿ ಹಯಾಯ್ಡ್ ಮೂಳೆ ಮುರಿದಿರುವ ಸಂಭವ ಉಂಟು. ತಡೆಯಲು ಎತ್ತಿದ ಕೈಯ ಬೆರಳುಗಳಲ್ಲಿ ಹೊಡೆತದ ಗುರುತು ಉಳಿಯುತ್ತದೆ. ಸಾವು ಹೇಗಾಯಿತೆಂದು ಹೇಳಬಲ್ಲ ಮೂಳೆಗಳೆಲ್ಲ ಗವಿಯಲ್ಲೇ ಉಳಿದು, ನೋಡಲು ಚೆನ್ನಾಗಿರುವ ಮೂಳೆಗಳು ಮನೆಗೆ ಬಂದವು. ದೇಹ ಮಲಗಿದ್ದ ಭಂಗಿ, ತಲೆ ಯಾವ ದಿಕ್ಕಿಗಿತ್ತು, ಪಕ್ಕದಲ್ಲಿ ಮಡಕೆಯಿತ್ತೇ, ಬಳೆಯಿತ್ತೇ, ಮೇಲೆ ಕಲ್ಲು ಮುಚ್ಚಿದ್ದರೇ, ಇವೆಲ್ಲ ಅವರು ಗವಿಯಿಂದ ಹೊರಬಂದ ಕ್ಷಣಕ್ಕೇ ಇಲ್ಲವಾದವು. ಹೂಳಿದವರೋ, ಆಶ್ರಯಕ್ಕೆ ಹೊಕ್ಕು ಸತ್ತವರೋ, ಯಾರೋ ತಂದು ಬಿಸುಟವರೋ ಎಂಬುದನ್ನು ಹೇಳಬಲ್ಲದ್ದು ಆ ನೆಲ ಮಾತ್ರ.

ಇಲ್ಲಿ ನನ್ನದೇ ಒಂದು ತಪ್ಪನ್ನು ದಾಖಲಿಸಬೇಕು. ಮೊದಲ ದಿನ, ಕದಲಿಸಬೇಡಿ ಎಂದು ಉಪದೇಶಿಸಿದ ನಾನೇ ಅಭ್ಯಾಸಬಲದಿಂದ ಬುರುಡೆಯನ್ನು ಕೈಗೆತ್ತಿಕೊಂಡು ತಿರುಗಿಸಿದೆ; ಕಣ್ಣುಗುಳಿಯಿಂದ ಒಂದು ಚಿಟಿಕೆ ಮಣ್ಣು ಉದುರಿತು. ಅದೃಷ್ಟವಶಾತ್ ಅದು ಪತ್ರಿಕೆಯ ಹಾಳೆಯ ಮೇಲೆ ಬಿತ್ತು, ಅದನ್ನು ಹಾಗೇ ಮಡಿಸಿಟ್ಟೆ. ಗವಿಯಿಂದ ಬಂದದ್ದೆಂದು ಹೇಳಬಹುದಾದ ಏಕೈಕ ನೆಲದ ತುಣುಕು ಆ ಮಣ್ಣೇ ಎಂದು ಆಮೇಲೆ ತಿಳಿದಾಗ ನನಗೆ ಬೆವರಿತು.

ಠಾಣೆಯ ಮೆಟ್ಟಿಲು

ಕುಟುಂಬದ ಅತಿ ದೊಡ್ಡ ಭಯ ಪೊಲೀಸರದ್ದಾಗಿತ್ತು. ಅರವತ್ತು ವರ್ಷ ಮುಚ್ಚಿಟ್ಟಿದ್ದೀರಿ ಎಂದು ಕೇಸು ಹಾಕಿದರೆ ಏನು ಗತಿ ಎಂಬುದು ಮಗನ ಪ್ರಶ್ನೆ. ಈ ಭಯವೇ ಅನೇಕರನ್ನು ಲಾರಿಯ ಕಡೆಗೋ ನದಿಯ ಕಡೆಗೋ ದೂಡುತ್ತದೆ. ಆದ್ದರಿಂದ ಕಾನೂನಿನ ಸ್ಥಿತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನ ಸ್ಥಾನದಲ್ಲಿದೆ. ಅನುಮಾನಾಸ್ಪದ ಸಾವಿನ ಮಾಹಿತಿ ಬಂದಾಗ ಪೊಲೀಸರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಿ ತನಿಖೆ ನಡೆಸಬೇಕೆಂದು ಅದು ಹೇಳುತ್ತದೆ. ಠಾಣೆಯ ಮಾತಿನಲ್ಲಿ ಇದನ್ನು ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ವರದಿ, ಎನ್ನುತ್ತಾರೆ. ಯುಡಿಆರ್ ದಾಖಲಾಗುವುದೆಂದರೆ ಯಾರನ್ನಾದರೂ ಆರೋಪಿಯನ್ನಾಗಿ ಮಾಡುವುದಲ್ಲ. ಸಾವೊಂದು ಸರ್ಕಾರದ ಪುಸ್ತಕಕ್ಕೆ ಸೇರುವುದು, ಅಷ್ಟೇ. ಮೃತದೇಹಕ್ಕೆ ಅಗೌರವ ತೋರುವುದನ್ನು ಶಿಕ್ಷಿಸುವ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿಗೆ ಇನ್ನೊಬ್ಬರ ಭಾವನೆಯನ್ನು ನೋಯಿಸುವ ಅಥವಾ ಧರ್ಮವನ್ನು ಅವಮಾನಿಸುವ ಉದ್ದೇಶವೋ, ಹಾಗಾಗುವುದೆಂಬ ಅರಿವೋ ಬೇಕು. ಸಾಕ್ಷ್ಯ ನಾಶದ 238ನೇ ಕಲಮಿಗೆ ಅಪರಾಧ ನಡೆದಿದೆಯೆಂದು ತಿಳಿದಿರಬೇಕು ಅಥವಾ ಹಾಗೆ ನಂಬಲು ಕಾರಣವಿರಬೇಕು. ಭಕ್ತಿಯಿಂದ ಎಡೆ ಇಟ್ಟವರ ಮೇಲೆ ಈ ಎರಡೂ ನಿಲ್ಲುವುದು ಕಷ್ಟ. ಆದರೆ ಮೂಳೆಗಳು ಮನುಷ್ಯರವು ಎಂದು ತಿಳಿದ ಮೇಲೆ ಅವನ್ನು ಗುಟ್ಟಾಗಿ ವಿಲೇವಾರಿ ಮಾಡಿದ್ದರೆ ಅದೇ ಅನುಮಾನಕ್ಕೆ ಆಸ್ಪದ ಕೊಡುತ್ತಿತ್ತು.

ಮೂಳೆಗಳು ಪ್ರಾಚೀನವೆಂದು ಖಚಿತವಾದರೆ ದಾರಿ ಬೇರೆ. ಆಗ ಪುರಾತತ್ವ ಇಲಾಖೆಗೆ ತಿಳಿಸಬೇಕು. ಆದರೆ 1878ರ ನಿಧಿ ಕಾಯಿದೆ ನೆಲದಲ್ಲಿ ಅಡಗಿದ್ದ ಬೆಲೆಬಾಳುವ ವಸ್ತುಗಳ ಬಗ್ಗೆ ಮಾತಾಡುತ್ತದೆ. 1972ರ ಪುರಾವಸ್ತು ಕಾಯಿದೆ ನೂರು ವರ್ಷಕ್ಕೆ ಮೇಲ್ಪಟ್ಟ ಶಿಲ್ಪ, ನಾಣ್ಯ, ಚಿತ್ರ ಮುಂತಾದ ವಸ್ತುಗಳ ನಡುವೆ ಮನುಷ್ಯನ ಮೂಳೆಯನ್ನು ಹೆಸರಿಸುವುದಿಲ್ಲ. ಅಮೆರಿಕದಲ್ಲಿ ಮೂಲನಿವಾಸಿಗಳ ಸಮಾಧಿ ಹಾಗೂ ಅಸ್ಥಿಗಳಿಗಾಗಿಯೇ 1990ರಲ್ಲಿ ಕಾಯಿದೆ ಬಂತು. ನಮ್ಮಲ್ಲಿ ಹಾಗೆ ಅಸ್ಥಿಗಳಿಗೆಂದೇ ಮೀಸಲಾದ ಕಾಯಿದೆಯಿಲ್ಲ. ಈ ಕೊರತೆ ನನ್ನನ್ನು ಬಹಳ ಕಾಡಿದೆ. ಸತ್ತವರು ವಸ್ತುವೂ ಅಲ್ಲ, ಹಕ್ಕು ಕೇಳಬಲ್ಲ ವ್ಯಕ್ತಿಯೂ ಅಲ್ಲ ಎಂಬ ನಡುವಿನ ಜಾಗದಲ್ಲಿ ಬಿದ್ದುಹೋಗುತ್ತಾರೆ.

ನಾವು ಮೊದಲು ಹೋದ ಠಾಣೆಯಲ್ಲಿ, ಇಷ್ಟು ಹಳೆಯದನ್ನು ಯಾಕೆ ತಂದಿರಿ, ಮನೆಯಲ್ಲೇ ಏನಾದರೂ ಮಾಡಿಕೊಳ್ಳಿ ಎಂಬ ಧಾಟಿಯ ಉತ್ತರ ಬಂತು. ಲಿಖಿತ ಅರ್ಜಿ ಕೊಟ್ಟು, ಹಿಂಬರಹ ಕೇಳಿದ ಮೇಲೆ ಮೇಲಧಿಕಾರಿಯೊಬ್ಬರು ತಾಳ್ಮೆಯಿಂದ ಓದಿದರು. ಮರುದಿನ ಇಬ್ಬರು ಪಂಚರ ಸಮ್ಮುಖದಲ್ಲಿ ಮಹಜರು ನಡೆಯಿತು. ಮೂಳೆಗಳು ಮೊಹರಾಗಿ ವಿಧಿವಿಜ್ಞಾನ ಪರೀಕ್ಷೆಗೆ ಹೋದವು. ಪರೀಕ್ಷೆ ನಡೆಸಿದ ವೈದ್ಯರು ಹಳೆಯ ಪರಿಚಯದಿಂದ ನನ್ನನ್ನೂ ಜೊತೆಗೆ ಕೂರಿಸಿಕೊಂಡರು.

ಮೂಳೆಗಳು ಹೇಳಿದ್ದು

ಮೊದಲು ತಳ್ಳಿಹಾಕಬೇಕಾಗಿದ್ದದ್ದು ಇದು ಕಾಲೇಜಿನ ಬುರುಡೆಯೇ ಎಂಬ ಸಂಶಯವನ್ನು. 1985ರಲ್ಲಿ ರಫ್ತು ನಿಷೇಧವಾಗುವವರೆಗೆ ಭಾರತ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರ ಪೂರೈಸುವ ಮುಖ್ಯ ದೇಶವಾಗಿತ್ತು. ಹಳೆಯ ಮನೆಗಳಲ್ಲಿ ಸಿಗುವ ಎಷ್ಟೋ ಬುರುಡೆಗಳು ವೈದ್ಯಕೀಯ ಓದಿದ ಹಿರಿಯರ ಪಾಠದ ಸಾಮಗ್ರಿಗಳು. ಅಂಥವುಗಳಲ್ಲಿ ನೆತ್ತಿಯ ಭಾಗವನ್ನು ಗರಗಸದಿಂದ ಕೊಯ್ದು ಕೊಕ್ಕೆ ಹಾಕಿರುತ್ತಾರೆ, ದವಡೆಗೆ ಸ್ಪ್ರಿಂಗ್ ಇರುತ್ತದೆ, ತಂತಿ ಪೋಣಿಸಲು ತೂತುಗಳಿರುತ್ತವೆ. ಇದರಲ್ಲಿ ಅವು ಯಾವುವೂ ಇರಲಿಲ್ಲ. ಗವಿಯ ಕಥೆಯ ಆ ಅಂಶವಾದರೂ ನಿಜವಿರಬೇಕು.

ಬುರುಡೆಯ ಹಣೆಯ ಮೇಲಿದ್ದ ಕೆಂಪು ಬಣ್ಣವನ್ನು ನೆಂಟರು ಪ್ರಾಚೀನ ಸಮಾಧಿಗಳಲ್ಲಿ ಬಳಸುತ್ತಿದ್ದ ಕಾವಿ ಎಂದುಕೊಂಡಿದ್ದರು. ಅದು ವರ್ಷವರ್ಷ ಹಚ್ಚಿದ ಕುಂಕುಮ. ಮೇಲಿನ ಹೊಳಪು ಹಿರಿಯರು ಹುಳ ಹಿಡಿಯಬಾರದೆಂದು ಬಳಿದ ವಾರ್ನಿಷ್. ತೊಡೆಮೂಳೆಯ ತುದಿಯಲ್ಲಿ ಸಾಲುಸಾಲಾಗಿ ಸಮಾನಾಂತರವಾಗಿ ಕೊರೆದಂತಿದ್ದ ಗೀರುಗಳನ್ನು ಮನೆಯಲ್ಲಿ ಮಂತ್ರಾಕ್ಷರಗಳೆಂದು ತಿಳಿದಿದ್ದರು, ಮೊಮ್ಮಗಳು ಚಾಕುವಿನ ಗಾಯವೆಂದು ಹೆದರಿದ್ದರು. ಅಗಲವಾದ, ತಳ ಚಪ್ಪಟೆಯಾದ, ಜೋಡಿ ಜೋಡಿಯಾಗಿ ಬರುವ ಇಂತಹ ಗೀರುಗಳು ಮುಳ್ಳುಹಂದಿಯ ಬಾಚಿಹಲ್ಲಿನವು. ಮುಳ್ಳುಹಂದಿಗಳು ಸುಣ್ಣದಂಶಕ್ಕಾಗಿಯೂ ಹಲ್ಲು ಸವೆಸಲೂ ಒಣಮೂಳೆಗಳನ್ನು ಬಿಲಕ್ಕೆ, ಗವಿಗೆ ಎಳೆದುತಂದು ಕಡಿಯುತ್ತವೆ. ಇದರಿಂದ ಇನ್ನೊಂದು ತೊಡಕು ಹುಟ್ಟಿತು: ಮೂಳೆ ಗವಿಯಲ್ಲಿ ಸಿಕ್ಕಿದ ಮಾತ್ರಕ್ಕೆ ಮನುಷ್ಯ ಗವಿಯಲ್ಲೇ ಸತ್ತನೆಂದು ಹೇಳಲಾಗದು.

ಸೊಂಟದ ಮೂಳೆಯನ್ನು ಮೇಜಿನ ಮೇಲಿಟ್ಟ ಗಳಿಗೆಯಲ್ಲಿ ಋಷಿಯ ಕಥೆ ಮುಗಿಯಿತು. ಹಿಂಭಾಗದ ದೊಡ್ಡ ಸಯಾಟಿಕ್ ಕಚ್ಚು ಹೆಬ್ಬೆರಳು ಸಲೀಸಾಗಿ ಆಡುವಷ್ಟು ಅಗಲವಾಗಿತ್ತು. ಬುರುಡೆಯಲ್ಲಿ ಹುಬ್ಬಿನ ಏಣು ನಯವಾಗಿಯೂ ಕಿವಿಯ ಹಿಂದಿನ ಮಾಸ್ಟಾಯ್ಡ್ ಉಬ್ಬು ಚಿಕ್ಕದಾಗಿಯೂ ಇದ್ದವು. ಎಲ್ಲವೂ ಒಂದೇ ದೇಹದವೆಂದು ಹಿಡಿದರೆ ಇವರು ಹೆಣ್ಣು. ಸೊಂಟದ ಅಂಚೂ ಕೊರಳೆಲುಬಿನ ಎದೆಕಡೆಯ ತುದಿಯೂ ಪೂರ್ತಿ ಬೆಸೆದಿದ್ದರಿಂದ ಇಪ್ಪತ್ತೈದು ದಾಟಿದವರು. ಕೀಲಿನ ಮೇಲ್ಮೈ ಇನ್ನೂ ಸವೆದಿರಲಿಲ್ಲವಾದ್ದರಿಂದ ನಲವತ್ತರೊಳಗಿನವರು. ಎತ್ತರ ಸುಮಾರು ಐದು ಅಡಿ. ಹಲ್ಲುಗಳ ಮೇಲೆ ಎಲೆಅಡಿಕೆಯ ಕಂದು ಕಲೆ ಇತ್ತು. ಕೋರೆಹಲ್ಲುಗಳ ಹೊಳಪಿನಲ್ಲಿ, ಅಂದರೆ ಎನಾಮೆಲ್ ಎಂಬ ಗಟ್ಟಿ ಹೊರಪದರದಲ್ಲಿ, ಅಡ್ಡಗೆರೆಗಳು ಮೂಡಿದ್ದವು. ಹಲ್ಲು ಬೆಳೆಯುವ ವಯಸ್ಸಿನಲ್ಲಿ ತೀವ್ರ ಕಾಯಿಲೆಯೋ ಹಸಿವೋ ಬಂದು ದೇಹ ಕೆಲಕಾಲ ಬೆಳವಣಿಗೆಯನ್ನೇ ನಿಲ್ಲಿಸಿದಾಗ ಉಳಿಯುವ ಗುರುತು ಅದು. ಕಣ್ಣುಗುಳಿಯ ಮೇಲ್ಛಾವಣಿಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದವು, ರಕ್ತಹೀನತೆಯಲ್ಲಿ ಹೀಗಾಗುತ್ತದೆ.

ಆಮೇಲೆ ಕೋಕೋ ಡಬ್ಬಿ. ಮಂಗನ ದವಡೆ ಎಂದುಕೊಂಡಿದ್ದ ಅದನ್ನು ನೋಡಿದ ತಕ್ಷಣ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೋತಿಗೆ ಮನುಷ್ಯರಂತೆ ಮುಂಚಾಚಿದ ಗದ್ದವಿರುವುದಿಲ್ಲ, ಇದಕ್ಕೆ ಇತ್ತು. ಎರಡು ಹಾಲುದವಡೆ ಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಹೊಸದಾಗಿ ಹುಟ್ಟಿ ಇನ್ನೂ ಸವೆಯದೆ ನಿಂತಿತ್ತು. ಮುಂದಿನ ಬಾಚಿಹಲ್ಲು ವಸಡಿನ ಮಟ್ಟಕ್ಕೆ ಬರುತ್ತಿತ್ತು. ಆರು ಅಥವಾ ಏಳು ವರ್ಷದ ಮಗು. ಆ ವಯಸ್ಸಿನಲ್ಲಿ ಮೂಳೆಯಿಂದ ಗಂಡೋ ಹೆಣ್ಣೋ ಹೇಳಲಾಗದು.

ಮಹಜರಿನಲ್ಲಿ 'ಒಂದು ಮಾನವ ತಲೆಬುರುಡೆ, ಇತರ ಮೂಳೆಗಳು, ಒಂದು ಪ್ರಾಣಿಯ ದವಡೆ' ಎಂದು ಬರೆದಿತ್ತು. ಅದನ್ನು ತಿದ್ದಿ 'ಕನಿಷ್ಠ ಇಬ್ಬರು ವ್ಯಕ್ತಿಗಳ ಅವಶೇಷಗಳು' ಎಂದು ದಾಖಲಿಸಲು ವೈದ್ಯರು ವರದಿಯಲ್ಲಿ ಕೋರಿದರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಆ ಒಂದು ತಿದ್ದುಪಡಿ. ಅರವತ್ತು ವರ್ಷ ಒಂದು ಮಗು ಪ್ರಾಣಿಯೆಂಬ ಹೆಸರಿನಲ್ಲಿ ಡಬ್ಬಿಯಲ್ಲಿತ್ತು. ಇಟ್ಟವರು ಕೆಟ್ಟವರಲ್ಲ. ನಂಬಿಕೆಯೊಂದು ಮೊದಲೇ ಸಿದ್ಧವಾಗಿದ್ದುದರಿಂದ, ಅದಕ್ಕೆ ಹೊಂದದ್ದನ್ನು ಯಾರೂ ಕಣ್ಣಿಟ್ಟು ನೋಡಲಿಲ್ಲ.

ಯಾವ ಬೆಟ್ಟ, ಯಾವ ಕಾಲ

ಗವಿ ಎಲ್ಲಿಯದೆಂಬುದಕ್ಕೆ ಮನೆಯಲ್ಲಿ ಮೂರು ಪಾಠಗಳಿದ್ದವು: ಸಾವನದುರ್ಗ, ಕೋಲಾರದ ಅಂತರಗಂಗೆ, ಆಂಧ್ರದ ಕರ್ನೂಲು ಕಡೆಯ ಗವಿ. ಕರ್ನೂಲು ಸೀಮೆಯ ಬಿಲ್ಲಸುರ್ಗಂ ಮೊದಲಾದ ಗವಿಗಳು ಸುಣ್ಣಕಲ್ಲಿನವು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅಲ್ಲಿ ಅಗೆದು ಅಪಾರ ಪ್ರಾಣಿಮೂಳೆಗಳನ್ನು ಹೊರತೆಗೆದರು. ಸುಣ್ಣದಂಶ ಮೂಳೆಯನ್ನು ಕಾಪಾಡುತ್ತದೆ. ಬೆಂಗಳೂರಿನ ಸುತ್ತಲಿನ ಬೆಟ್ಟಗಳ ಸ್ಥಿತಿ ಬೇರೆ. ಸಾವನದುರ್ಗ, ರಾಮನಗರದ ಬೆಟ್ಟಗಳೆಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯೇ ಭೂವಿಜ್ಞಾನದಲ್ಲಿ ಆ ಶಿಲೆಯ ಹೆಸರು. ಇಲ್ಲಿನ ಗವಿಗಳು ಉರುಳಿದ ಬಂಡೆಗಳ ನಡುವಿನ ಪೊಟರೆಗಳು. ಮಣ್ಣು ಆಮ್ಲೀಯ, ತೇವ ತಗುಲಿದರೆ ಮೂಳೆ ಬೇಗ ಕರಗುತ್ತದೆ.

ನನ್ನ ಅಜಾಗರೂಕತೆಯಿಂದ ಉದುರಿದ್ದ ಚಿಟಿಕೆ ಮಣ್ಣು ಇಲ್ಲಿ ಕೆಲಸಕ್ಕೆ ಬಂತು. ಅದರ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ನೊರೆ ಏಳಲಿಲ್ಲ. ಸುಣ್ಣಕಲ್ಲಿನ ಮಣ್ಣಾಗಿದ್ದರೆ ಬುಸುಗುಡುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರದ ಚೂರುಗಳು. ಗ್ರಾನೈಟಿನ ನಾಡು. ಕರ್ನೂಲು ಹೀಗೆ ಬಿದ್ದುಹೋಯಿತು, ಉಳಿದ ಎರಡರಲ್ಲಿ ಯಾವುದೆಂದು ಆರಿಸಲು ಆ ಚಿಟಿಕೆಗೆ ಶಕ್ತಿಯಿರಲಿಲ್ಲ. ಜೊತೆಗೆ ಅದು ಕಾಲದ ಬಗ್ಗೆಯೂ ಒಂದು ಸೂಚನೆ ಕೊಟ್ಟಿತು. ಸಾವನದುರ್ಗದ ಬಳಿ ಬೃಹತ್ ಶಿಲಾ ಸಮಾಧಿಗಳಿರುವುದು ನಿಜ. ಆದರೆ ಗ್ರಾನೈಟು ಪೊಟರೆಯಲ್ಲಿ, ನೆಲದ ಮೇಲ್ಮೈಯಲ್ಲಿ, ಎರಡು ಸಾವಿರ ವರ್ಷ ಮೂಳೆಗಳು ಇಷ್ಟು ಗಟ್ಟಿಯಾಗಿ ಉಳಿಯುವುದು ನಂಬಲು ಕಷ್ಟ.

ಹಾಗಾದರೆ ಎಷ್ಟು ಹಳೆಯದು? ಮ್ಯಾಜಿಸ್ಟ್ರೇಟರ ಅನುಮತಿಯ ಮೇಲೆ, ದೇಹದಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ಹೇಳುವ ರೇಡಿಯೋಕಾರ್ಬನ್ ಪರೀಕ್ಷೆಗೆ ಮಾದರಿ ಕಳಿಸಲಾಯಿತು. ವಾರ್ನಿಷ್ ಎಂಬುದು ಸ್ವತಃ ಇಂಗಾಲದ ವಸ್ತುವಾದ್ದರಿಂದ ಬುರುಡೆಯ ಮೇಲ್ಮೈಯ ಮಾದರಿ ದಾರಿ ತಪ್ಪಿಸುತ್ತಿತ್ತು. ದೊಡ್ಡವರ ಹಲ್ಲೂ ಸಾಲದು: ಹಲ್ಲಿನ ಹೊಳಪು ಬಾಲ್ಯದಲ್ಲೇ ರೂಪುಗೊಂಡು ಮತ್ತೆ ಬದಲಾಗುವುದಿಲ್ಲ, ಆದ್ದರಿಂದ ಅದು ಹೇಳುವುದು ಹುಟ್ಟಿದ ಕಾಲವನ್ನು, ಸತ್ತ ಕಾಲವನ್ನಲ್ಲ. ಆಯ್ಕೆಯಾದದ್ದು ಮಗುವಿನ ದವಡೆಯೊಳಗೆ ಇನ್ನೂ ಹುಟ್ಟದೆ ಅವಿತಿದ್ದ ಎರಡನೆಯ ಶಾಶ್ವತ ದವಡೆಹಲ್ಲಿನ ಮೊಳಕೆ. ಅದು ಮೂರರಿಂದ ಏಳನೆಯ ವಯಸ್ಸಿನ ನಡುವೆ, ಅಂದರೆ ಸಾವಿನ ಹಿಂದಿನ ಮೂರ್ನಾಲ್ಕು ವರ್ಷಗಳಲ್ಲಿ ಬೆಳೆದದ್ದು. ಮೂಳೆಯ ಗೂಡಿನೊಳಗಿದ್ದುದರಿಂದ ವಾರ್ನಿಷ್ ತಗುಲಿರಲಿಲ್ಲ. ಮಂಗನದೆಂದು ಬದಿಗಿಟ್ಟಿದ್ದ ದವಡೆಯೇ ಉತ್ತರ ಕೊಡಬಲ್ಲದ್ದಾಗಿತ್ತು.

ಐವತ್ತರ ದಶಕದ ನಡುಭಾಗದಿಂದ ಅಣ್ವಸ್ತ್ರ ಪರೀಕ್ಷೆಗಳು ವಾತಾವರಣದ ರೇಡಿಯೋಕಾರ್ಬನ್ ಅನ್ನು ಏರಿಸುತ್ತ ಹೋಗಿ 1963ರ ಹೊತ್ತಿಗೆ ಸುಮಾರು ಇಮ್ಮಡಿ ಮಾಡಿದವು. ಆ ಕಾಲದಲ್ಲಿ ಉಂಡು ಬೆಳೆದ ಪ್ರತಿಯೊಬ್ಬರ ಹಲ್ಲಿನಲ್ಲೂ ಅದರ ಗುರುತಿದೆ. ಮಗುವಿನ ಹಲ್ಲಿನಲ್ಲಿ ಆ ಗುರುತು ಇರಲಿಲ್ಲ. ಅಂದರೆ ಮಗು ಐವತ್ತರ ದಶಕದ ಮಧ್ಯಕ್ಕಿಂತ ಹಿಂದೆಯೇ ತೀರಿಕೊಂಡಿತ್ತು. ಮೂಳೆಗಳನ್ನು ತಂದ ಕಾಲದಲ್ಲಿ ಅದು ಹೊಸ ಸಾವಾಗಿರಲಿಲ್ಲ ಎಂಬ ಒಂದು ನೆಮ್ಮದಿ ಕುಟುಂಬಕ್ಕೆ ಸಿಕ್ಕಿತು. ಅದಕ್ಕಿಂತ ಮುಂದೆ ಹೋಗಲು ಆಗಲಿಲ್ಲ. ಸುಮಾರು 1650ರಿಂದ 1950ರವರೆಗಿನ ಮುನ್ನೂರು ವರ್ಷಗಳಲ್ಲಿ ವಾತಾವರಣದ ರೇಡಿಯೋಕಾರ್ಬನ್ ಏರಿಳಿದು ಒಂದೇ ಮಟ್ಟಕ್ಕೆ ಮತ್ತೆ ಮತ್ತೆ ಬಂದಿರುವುದರಿಂದ ಆ ಅವಧಿಯ ಮಾದರಿಗಳನ್ನು ಈ ವಿಧಾನ ಬಿಡಿಸಿ ಹೇಳಲಾರದು. ಈ ಮಾದರಿ ಆ ಮುನ್ನೂರು ವರ್ಷಗಳೊಳಗೇ ಬಿತ್ತು.

ವರದಿ ಬಂದ ದಿನದಿಂದ ಹೊಸ ಕಥೆಗಳು ಹುಟ್ಟತೊಡಗಿದವು. ಧಾತು ಈಶ್ವರ ಸಂವತ್ಸರಗಳ (1876–78) ಬರದಲ್ಲಿ ಊರು ಬಿಟ್ಟ ತಾಯಿ ಮತ್ತು ಮಗು ಎಂದರು ಒಬ್ಬರು. ಆ ಬರ ಮೈಸೂರು ಸಂಸ್ಥಾನದ ಮೇಲೆ ಎಂಥ ಆಘಾತವೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಸುತ್ತ ಇತ್ತು. 1898ರ ಬೆಂಗಳೂರಿನ ಪ್ಲೇಗು, 1918ರ ಇನ್‌ಫ್ಲುಯೆಂಜಾ ಎಂದರು ಇನ್ನು ಕೆಲವರು. ಹಲ್ಲಿನ ಗೆರೆಗಳು, ಕಣ್ಣುಗುಳಿಯ ತೂತುಗಳು ಬರದ ಕಥೆಗೆ ಒಲಿಯುವಂತೆ ಕಾಣುವುದು ನಿಜ. ಆದರೆ ಬಾಲ್ಯದ ಹಸಿವು ಬರಗಾಲದಲ್ಲಿ ಮಾತ್ರ ಇರುತ್ತದೆಯೇ? ಇವರಿಬ್ಬರು ತಾಯಿ ಮತ್ತು ಮಗುವೆಂದು ನನ್ನ ಮನಸ್ಸೂ ಹೇಳುತ್ತದೆ. ಮನಸ್ಸು ಹೇಳುವುದನ್ನು ವರದಿಯಲ್ಲಿ ಬರೆಯಲಾಗದು. ಒಂದೇ ಮೂಲೆಯಲ್ಲಿ ಸಿಕ್ಕವರು ನೂರು ವರ್ಷದ ಅಂತರದಲ್ಲಿ ಸತ್ತವರಿರಬಹುದು, ಮುಳ್ಳುಹಂದಿ ಎರಡು ಕಡೆಯಿಂದ ತಂದವರಿರಬಹುದು. ಒಂದು ಋಷಿಯ ಕಥೆಯನ್ನು ತೆಗೆದು ಆ ಜಾಗದಲ್ಲಿ ಇನ್ನೊಂದು ಕಥೆಯನ್ನು ಕೂರಿಸಿದರೆ ಸತ್ತವರಿಗೆ ನಾವು ಮಾಡುವ ಅನ್ಯಾಯ ಹೊಸದಾಗಿ ಆರಂಭವಾಗುತ್ತದೆ.

ಇಂತಹ ಕಥೆಗಳು ಎಲ್ಲಿಗೆ ಮುಟ್ಟುತ್ತವೆ ಎಂಬುದಕ್ಕೆ ನಾನು ಕುಟುಂಬಕ್ಕೆ ಎರಡು ಉದಾಹರಣೆ ಹೇಳಿದೆ. ಅಮೆರಿಕದ ವಯೋಮಿಂಗ್‌ನ ಸ್ಯಾನ್ ಪೆಡ್ರೋ ಬೆಟ್ಟಗಳ ಗವಿಯೊಂದರಲ್ಲಿ 1930ರ ದಶಕದಲ್ಲಿ ಚಿನ್ನ ಹುಡುಕುವವರಿಗೆ ಗೇಣೆರಡರ ಎತ್ತರವೂ ಇಲ್ಲದ, ಕುಳಿತ ಭಂಗಿಯ ಒಣಗಿದ ದೇಹ ಸಿಕ್ಕಿತು. ಅದು ಔಷಧಿ ಅಂಗಡಿಯ ಪ್ರದರ್ಶನದ ವಸ್ತುವಾಗಿ, ವ್ಯಾಪಾರಿಯೊಬ್ಬರ ಸ್ವತ್ತಾಗಿ, 1950ರಲ್ಲಿ ಆತ ತೀರಿಕೊಂಡ ಮೇಲೆ ಇನ್ನೊಬ್ಬರ ಕೈ ಸೇರಿ ಕಣ್ಮರೆಯಾಯಿತು. ಕುಬ್ಜ ಜನಾಂಗದ ಮುದುಕನೆಂದು ಜನ ನಂಬಿದ್ದರು; ಉಳಿದಿದ್ದ ಎಕ್ಸ್‌ರೇ ಚಿತ್ರಗಳನ್ನು ದಶಕಗಳ ನಂತರ ನೋಡಿದ ವಯೋಮಿಂಗ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರು ಅದು ಮೆದುಳು ಬೆಳೆಯದೆ ಹುಟ್ಟಿದ ಶಿಶುವೆಂದು ಅಭಿಪ್ರಾಯಪಟ್ಟರು. ಅಲ್ಲಿಯೂ ಒಂದು ಮಗು. ಎರಡನೆಯದು ನಮ್ಮದೇ ಉತ್ತರಾಖಂಡದ ರೂಪಕುಂಡ. 1942ರಲ್ಲಿ ಅರಣ್ಯಾಧಿಕಾರಿಯೊಬ್ಬರ ಕಣ್ಣಿಗೆ ಬಿದ್ದ ಆ ಸರೋವರದ ಅಸ್ಥಿಗಳನ್ನು ರಾಜನ ಯಾತ್ರೆ, ಸೈನಿಕರ ತಂಡ ಎಂದೆಲ್ಲ ವಿವರಿಸಿದ್ದರು. 2019ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ 38 ಮಂದಿಯ ಪೈಕಿ 23 ಮಂದಿ ದಕ್ಷಿಣ ಏಷ್ಯಾ ಮೂಲದವರು, 14 ಮಂದಿ ಪೂರ್ವ ಮೆಡಿಟರೇನಿಯನ್ ಮೂಲದವರು, ಒಬ್ಬರು ಆಗ್ನೇಯ ಏಷ್ಯಾ ಮೂಲದವರು ಎಂದು ಕಂಡುಬಂತು. ಎರಡು ದೊಡ್ಡ ಗುಂಪುಗಳ ಸಾವಿನ ನಡುವೆ ಸುಮಾರು ಸಾವಿರ ವರ್ಷದ ಅಂತರವಿತ್ತು. ಅಲ್ಲಿಗೆ ಚಾರಣ ಹೋದವರು ನೆನಪಿಗೆಂದು ಜೋಳಿಗೆಯಲ್ಲಿ ಹಾಕಿಕೊಂಡು ಬಂದ ಮೂಳೆಗಳು ಯಾರವು ಎಂಬುದು ಇನ್ನು ಯಾರಿಗೂ ತಿಳಿಯುವಂತಿಲ್ಲ.

ಈಗಿನ ಸ್ಥಿತಿ

ಅವಶೇಷಗಳು ಮೊಹರಾದ ಎರಡು ಪ್ರತ್ಯೇಕ ಪೆಟ್ಟಿಗೆಗಳಲ್ಲಿ, ಪ್ರತ್ಯೇಕ ಸಂಖ್ಯೆಗಳೊಂದಿಗೆ ಇವೆ. ಯುಡಿಆರ್ ಕಡತ ಮುಗಿದಿಲ್ಲ. ಇಬ್ಬರ ಸಂಬಂಧ ತಿಳಿಯಲು ಡಿಎನ್‌ಎ ಪರೀಕ್ಷೆಗೆ ಕೋರಲಾಗಿದೆ. ಅದಕ್ಕೆ ಮತ್ತೆ ಮೂಳೆ ಕೊರೆಯಬೇಕಾಗುವುದರಿಂದ, ಪ್ರಶ್ನೆ ಅಷ್ಟು ಬೆಲೆಬಾಳುವುದೇ ಎಂದು ಅನುಮತಿ ಕೊಡುವವರು ವಿಚಾರ ಮಾಡುತ್ತಿರುವುದು ಸರಿಯಾಗಿಯೇ ಇದೆ. ಸಂಸ್ಕಾರ ಯಾವ ರೀತಿಯದಾಗಬೇಕೆಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಸುಡುವ ಸಂಪ್ರದಾಯದವರೋ ಹೂಳುವವರೋ ತಿಳಿಯದವರನ್ನು ಸುಟ್ಟುಬಿಟ್ಟರೆ ಹಿಂದಿರುಗುವ ದಾರಿಯಿರುವುದಿಲ್ಲವಾದ್ದರಿಂದ, ಹೂಳುವುದೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಪುರೋಹಿತರೂ ಕೊನೆಗೆ ಅದನ್ನು ಒಪ್ಪಿದ್ದಾರೆ. ಸಾಧ್ಯವಾದರೆ ಅದೇ ಬೆಟ್ಟದ ಬುಡದಲ್ಲಿ ಆಗಲಿ ಎಂದು ಅಜ್ಜಿ ಕೇಳಿದ್ದಾರೆ.

ಬೆಟ್ಟದ ಹುಡುಕಾಟ ಹೊಸ ಬಾಡಿಗೆ ಮನೆಯಲ್ಲಿ ನಡೆಯುತ್ತಿದೆ. ಮಾವನವರ ಪ್ರವಾಸ ಭತ್ಯೆಯ ಹಳೆಯ ನಕಲು ಪುಸ್ತಕಗಳು ಒಂದು ಮೂಟೆಯಷ್ಟು ಸಿಕ್ಕಿವೆ; ಯಾವ ತಿಂಗಳು ಯಾವ ಹೋಬಳಿಯಲ್ಲಿ ಎಷ್ಟು ದಿನ ತಂಗಿದ್ದರೆಂಬುದು ಅವುಗಳಲ್ಲಿದೆ. ಮೊಮ್ಮಗಳು ಅವನ್ನು ವರ್ಷವಾರು ಜೋಡಿಸುತ್ತಿದ್ದಾರೆ. 1959ರ ಬೇಸಿಗೆಯ ಪುಟಗಳಲ್ಲಿ ಮಾಗಡಿ ಸೀಮೆಯ ಊರುಗಳು ಪದೇ ಪದೇ ಬರುತ್ತವೆ. ಮಳೆ ನಿಂತ ಮೇಲೆ, ಪುರಾತತ್ವ ಬಲ್ಲವರೊಬ್ಬರನ್ನು ಕರೆದುಕೊಂಡು ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿದೆ. ಗವಿ ಸಿಕ್ಕರೂ ಒಳಗೆ ಯಾರೂ ಕೈಯಿಡಬಾರದು, ಬಲಗಡೆ ಮೂಲೆಯನ್ನು ಹೊರಗಿನಿಂದ ಫೋಟೋ ತೆಗೆದು, ಅಕ್ಷಾಂಶ ರೇಖಾಂಶ ಬರೆದುಕೊಂಡು ತಹಸೀಲ್ದಾರರಿಗೆ ತಿಳಿಸಬೇಕು ಎಂಬ ಷರತ್ತಿಗೆ ಎಲ್ಲರೂ ಒಪ್ಪಿದ್ದಾರೆ.

2025ರ ಮಹಾಲಯ ಅಮಾವಾಸ್ಯೆಯಂದು ಟ್ರಂಕು ಮನೆಯಲ್ಲಿರಲಿಲ್ಲ. ಎಡೆ ಎಲ್ಲಿಡುವುದು ಎಂದು ಸೊಸೆ ಕೇಳಿದಾಗ ಅಜ್ಜಿ ದಕ್ಷಿಣದ ಗೋಡೆಯ ಪಕ್ಕ ಜಾಗ ತೋರಿಸಿದರಂತೆ. ಒಂದು ದೊಡ್ಡ ಎಲೆ, ಅದರ ಪಕ್ಕ ಒಂದು ಕುಡಿಬಾಳೆಲೆ. ಕುಡಿ ಎಲೆಗೆ ಖಾರದ ಪದಾರ್ಥ ಬಡಿಸಬೇಡ ಎಂದರಂತೆ.